ಗೇರ್‌ಬಾಕ್ಸಿಗೆ ಇಳಿಯುವ ಮಳೆಗಾಲ

ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್ ಕಾರುಗಳು ಈಗ ಘಟ್ಟದ ತಪ್ಪಲಿನ ಮನೆಯಂಗಳಕ್ಕೂ ಬಂದಿವೆ. ಅವುಗಳ ಗೇರ್‌ಬಾಕ್ಸಿಗೆ ನೀರು ಸೇರುವ ದಾರಿಗಳು ಯಾವುವು? ಸೇರಿದರೆ ಒಳಗೆ ಆಗುವುದೇನು? ತಡೆಯುವುದು ಹೇಗೆ?

ಮಂಗಳೂರಿನಿಂದ ಸುಮಾರು 60 ಕಿ.ಮೀ. ಮೂಡಣಕ್ಕೆ ಬಂದರೆ ಬೆಳ್ತಂಗಡಿ. ಪೇಟೆ ದಾಟಿ ಉಜಿರೆಯ ಕಡೆಗೆ ತಿರುಗಿದ ಕೂಡಲೇ ಲಾಯಿಲ. ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಉಜಿರೆ, ಮುಂಡಾಜೆ, ಕಕ್ಕಿಂಜೆಗಳನ್ನು ಹಾದು ಚಾರ್ಮಾಡಿ ಘಾಟಿ ಹತ್ತುತ್ತದೆ. ಹೆದ್ದಾರಿಯ ಎಡಬಲಕ್ಕೆ ಒಡೆದ ರಸ್ತೆಗಳೆಲ್ಲ ಅಡಿಕೆ ತೋಟಗಳ ನಡುವೆ ಇಳಿದು, ತೋಡುಗಳನ್ನು ದಾಟಿ, ಘಟ್ಟದ ಬುಡದ ಊರುಗಳನ್ನು ಮುಟ್ಟುತ್ತವೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಸೋಮಾವತಿ, ಮೃತ್ಯುಂಜಯ, ನೇತ್ರಾವತಿ ನದಿಗಳು ಹರಿಯುವ ತಾಲ್ಲೂಕು ಇದು. ಇಲ್ಲಿ ವಾಹನ ಇಟ್ಟುಕೊಂಡವರು ವರ್ಷದ ನಾಲ್ಕು ತಿಂಗಳು ನೀರಿನ ಜೊತೆಗೇ ಓಡಾಡಬೇಕು.

2019ರ ಆಗಸ್ಟ್ 9ನ್ನು ಈ ತಾಲ್ಲೂಕು ಮರೆಯುವುದಿಲ್ಲ. ಘಟ್ಟದಲ್ಲಿ ಗುಡ್ಡ ಕುಸಿದು, ಹೊಳೆಗಳು ಮರ, ಬಂಡೆ, ಕೆಸರನ್ನು ಹೊತ್ತು ಚಾರ್ಮಾಡಿ, ದಿಡುಪೆ, ಮಲವಂತಿಗೆ, ಕುಕ್ಕಾವು ಭಾಗದ ಮನೆ-ತೋಟಗಳಿಗೆ ನುಗ್ಗಿದವು. ಚಾರ್ಮಾಡಿ ರಸ್ತೆ ವಾರಗಟ್ಟಲೆ ಮುಚ್ಚಿತು. ಕೆಳಗೆ ಬಂಟ್ವಾಳದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟ ಮೀರಿ ಹರಿಯಿತು. ಅಂಥ ನೆರೆ ಪ್ರತಿವರ್ಷ ಬರುವುದಿಲ್ಲ. ಆದರೆ ರಸ್ತೆಯ ಮೇಲೆ ಒಂದು ಅಡಿ ನೀರು ಹರಿಯುವ ತೋಡು, ಮುಳುಗು ಸೇತುವೆ, ಚರಂಡಿ ಕಟ್ಟಿಕೊಂಡು ಕೆರೆಯಾದ ತಿರುವು ಮಳೆ ಜೋರಾಗಿರುವ ಪ್ರತಿ ಆಟಿ ತಿಂಗಳಲ್ಲೂ ಇರುತ್ತವೆ. ಕಾರಿನ ಗೇರ್‌ಬಾಕ್ಸ್ ಹಾಳಾಗುವುದಕ್ಕೆ ದೊಡ್ಡ ನೆರೆಯೇ ಬರಬೇಕೆಂದಿಲ್ಲ, ಈ ಒಂದು ಅಡಿ ನೀರೇ ಸಾಕು.

ಎಂಜಿನ್ನಿಗೆ ನೀರು ಹೋದರೆ ಕಾರು ಅಲ್ಲೇ ನಿಲ್ಲುತ್ತದೆ, ಮಾಲೀಕನಿಗೆ ತಕ್ಷಣ ಗೊತ್ತಾಗುತ್ತದೆ. ಗೇರ್‌ಬಾಕ್ಸಿಗೆ ನೀರು ಹೋದರೆ ಕಾರು ಓಡುತ್ತಲೇ ಇರುತ್ತದೆ. ಮನೆ ಸೇರುತ್ತದೆ, ಮರುದಿನ ಕೆಲಸಕ್ಕೂ ಹೋಗುತ್ತದೆ. ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತದೆ, ಅದಕ್ಕೂ ಆವತ್ತು ದಾಟಿದ ನೀರಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಈ ಹಾನಿಯಲ್ಲಿ ನೀರಿನ ಪ್ರಮಾಣದಷ್ಟೇ ಅದು ಒಳಗೆ ಕಳೆಯುವ ಸಮಯವೂ ಮುಖ್ಯ. ಬೇಗ ಹೊರತೆಗೆದರೆ ಎಣ್ಣೆಯ ಖರ್ಚಿನಲ್ಲಿ ಮುಗಿಯುತ್ತದೆ, ಬಿಟ್ಟರೆ ಗೇರ್‌ಬಾಕ್ಸಿನ ಬೆಲೆಯನ್ನೇ ತೆರಬೇಕು.

ಎಣ್ಣೆಯೇ ಜೀವ

ಸಾಮಾನ್ಯ ಗೇರ್‌ಬಾಕ್ಸಿನಲ್ಲಿ ಎಣ್ಣೆಗೆ ಒಂದೇ ಕೆಲಸ: ಹಲ್ಲುಚಕ್ರಗಳು ಸವೆಯದಂತೆ ನೋಡಿಕೊಳ್ಳುವುದು. ಆಟೊಮ್ಯಾಟಿಕ್‌ನಲ್ಲಿ ಅದರ ಹೊಣೆ ಬಹಳ ದೊಡ್ಡದು. ಎಂಜಿನ್ನಿನ ಬಲವನ್ನು ಗೇರುಗಳಿಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್ ಎಣ್ಣೆಯ ಹರಿವಿನಿಂದಲೇ ನಡೆಯುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಹಡಗುಗಳಿಗೆಂದು ರೂಪಿಸಿದ ತತ್ವವೇ ಇದರ ಮೂಲ. 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂದ ಹೈಡ್ರಾಮ್ಯಾಟಿಕ್‌ನಿಂದ ಆಟೊಮ್ಯಾಟಿಕ್ ಗೇರು ಜನಸಾಮಾನ್ಯರ ಬಳಕೆಗೆ ಇಳಿಯಿತು. ಅಂದಿನಿಂದ ಇಂದಿನವರೆಗೂ ಕ್ಲಚ್ಚುಗಳನ್ನು ಒತ್ತುವುದು, ಗೇರು ಬದಲಿಸುವುದು, ಬಿಸಿಯನ್ನು ಹೊರಗೆ ಸಾಗಿಸುವುದು, ಬೇರಿಂಗ್‌ಗಳನ್ನು ಕಾಯುವುದು ಎಲ್ಲವೂ ಆ ಎಣ್ಣೆಯದೇ ಕೆಲಸ. ಗ್ಯಾರೇಜಿನವರು ಎಟಿಎಫ್ ಎನ್ನುವ ಈ ಎಣ್ಣೆಗೆ ತಯಾರಕರು ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗುರುತಿಸುವುದಕ್ಕೆ ಈ ಬಣ್ಣ.

ಇದರೊಳಗಿನ ಕ್ಲಚ್ ಪ್ಲೇಟುಗಳ ಸ್ವಭಾವ ತಿಳಿದರೆ ನೀರಿನ ಅಪಾಯ ತಾನಾಗಿ ಅರ್ಥವಾಗುತ್ತದೆ. ಉಕ್ಕಿನ ತಟ್ಟೆಯ ಮೇಲೆ ಅಂಟಿಸಿರುವ ಘರ್ಷಣೆಯ ಪದರ ಮೂಲತಃ ಒಂದು ಬಗೆಯ ಕಾಗದ: ಸೆಲ್ಯುಲೋಸ್ ನಾರು, ಕೆಲವು ಕೃತಕ ನಾರುಗಳು, ಅವನ್ನು ಹಿಡಿದಿಡುವ ರಾಳ. ಎಣ್ಣೆಯಲ್ಲಿ ನೆನೆದೇ ಕೆಲಸ ಮಾಡಲೆಂದು ಇದನ್ನು ತಯಾರಿಸಿದ್ದಾರೆ. ಆದರೆ ಈ ನಾರಿಗೆ ಎಣ್ಣೆಗಿಂತ ನೀರೇ ಹೆಚ್ಚು ಒಗ್ಗುತ್ತದೆ. ಎಣ್ಣೆಯಲ್ಲಿ ಸ್ವಲ್ಪ ನೀರು ಬೆರೆತರೂ ಅದು ಎಣ್ಣೆಯನ್ನು ಸರಿಸಿ ನಾರಿನೊಳಗೆ ಕೂರುತ್ತದೆ. ಪದರ ಮೆದುವಾಗುತ್ತದೆ, ಅಂಟು ಸಡಿಲವಾಗುತ್ತದೆ, ಒತ್ತಡ ಬಿದ್ದಾಗ ಚೂರುಚೂರಾಗಿ ಏಳುತ್ತದೆ. ಆ ಚೂರುಗಳು ಎಣ್ಣೆಯ ಜೊತೆ ಹರಿದು ಫಿಲ್ಟರಿಗೂ ಎಣ್ಣೆಯ ಒತ್ತಡವನ್ನು ಹಂಚುವ ವಾಲ್ವ್ ಬಾಡಿಯ ಕಿರಿದಾದ ದಾರಿಗಳಿಗೂ ಸೇರಿಕೊಳ್ಳುತ್ತವೆ. ಇನ್ನೊಂದೆಡೆ ಬೇರಿಂಗ್ ಮತ್ತು ಸೊಲೆನಾಯ್ಡುಗಳಿಗೆ ತುಕ್ಕು ಹಿಡಿಯುತ್ತದೆ, ಎಣ್ಣೆ ನೊರೆಯೆದ್ದು ಒತ್ತಡ ಕಳೆದುಕೊಳ್ಳುತ್ತದೆ.

"ಒಂದು ಉದ್ದ ಟ್ರಿಪ್ ಹೊಡೆದರೆ ಬಿಸಿಗೆ ನೀರೆಲ್ಲ ಆವಿಯಾಗಿ ಹೋಗುತ್ತದೆ" ಎನ್ನುವವರಿದ್ದಾರೆ. ಈ ಮಾತನ್ನು ನಂಬಬೇಡಿ. ಗೇರ್‌ಬಾಕ್ಸಿನ ಎಣ್ಣೆ ಸಾಮಾನ್ಯ ಓಡಾಟದಲ್ಲಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ನೀರು ಕುದಿಯುವ ಹಂತ ಮುಟ್ಟುವುದೇ ಅಪರೂಪ. ಅಷ್ಟು ದೂರ ಓಡಿಸುವಾಗ ನೆನೆದ ಕ್ಲಚ್ ಪದರಗಳು ಪ್ರತಿ ಗೇರಿಗೂ ಒಂದಿಷ್ಟು ಸವೆಯುತ್ತವೆ. ಒಣಗಿಸಲು ಮಾಡಿದ ಪ್ರಯಾಣವೇ ಹಾನಿಯನ್ನು ಹೆಚ್ಚಿಸುತ್ತದೆ.

ನೀರು ಬರುವ ದಾರಿಗಳು

ಮೊದಲ ದಾರಿ ಬ್ರೀದರ್. ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಒಂದು ಚಿಕ್ಕ ಕೊಳವೆ ಇರುತ್ತದೆ. ಘಟ್ಟ ಇಳಿದು ಬಂದ ಕಾರಿನ ಗೇರ್‌ಬಾಕ್ಸ್ ಚೆನ್ನಾಗಿ ಕಾದಿರುತ್ತದೆ. ಅದೇ ಬಿಸಿಯಲ್ಲಿ ತಪ್ಪಲಿನ ತಣ್ಣನೆಯ ನೀರಿಗೆ ಇಳಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. 85 ಡಿಗ್ರಿಯ ಗಾಳಿ 27 ಡಿಗ್ರಿಗೆ ಇಳಿದರೆ ಸುಮಾರು ಆರನೇ ಒಂದು ಭಾಗದಷ್ಟು ಕುಗ್ಗುತ್ತದೆಂದು ಶಾಲೆಯಲ್ಲಿ ಕಲಿತ ಅನಿಲ ನಿಯಮವೇ ಹೇಳುತ್ತದೆ. ಆ ಜಾಗ ತುಂಬಲು ಹೊರಗಿನದು ಒಳಗೆ ಬರಲೇಬೇಕು. ಬ್ರೀದರಿನ ಬಾಯಿ ನೀರಿನ ಮೇಲಿದ್ದರೆ ಗಾಳಿ ಬರುತ್ತದೆ, ನೀರಿನಲ್ಲಿ ಮುಳುಗಿದ್ದರೆ ನೀರೇ ಬರುತ್ತದೆ. ಕೆಸರು ಕಟ್ಟಿ ಬ್ರೀದರ್ ಮುಚ್ಚಿಹೋಗಿದ್ದರೆ ಸೀಲುಗಳ ಸಂದಿನಿಂದ ಎಳೆದುಕೊಳ್ಳುತ್ತದೆ.

ಎರಡನೆಯದು ಆಯಿಲ್ ಸೀಲುಗಳು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಹೊರಬರುವ ಕಡೆ ರಬ್ಬರ್ ಸೀಲ್ ಇರುತ್ತದೆ. ಒಳಗಿನ ಎಣ್ಣೆಯನ್ನು ಹೊರಬಿಡದಿರುವುದು ಅದರ ಮುಖ್ಯ ಕೆಲಸ, ಹೊರಗಿನ ನೀರಿನ ಒತ್ತಡವನ್ನು ತಡೆಯುವುದಕ್ಕೆ ಅದನ್ನು ಮಾಡಿಲ್ಲ. ಕೆಂಪು ಮಣ್ಣಿನ ರಸ್ತೆಗಳಲ್ಲಿ ಓಡಿದ ಕಾರಿನ ಸೀಲಿನ ತುಟಿಗೆ ಮರಳು, ಕೆಸರು ಸೇರಿ ಬೇಗ ಗೀರು ಬೀಳುತ್ತದೆ. ಈಚಿನ ವರ್ಷಗಳಲ್ಲಿ ಪುಂಜಾಲಕಟ್ಟೆಯಿಂದ ಚಾರ್ಮಾಡಿಯವರೆಗೆ ಹೆದ್ದಾರಿ ಅಗಲಗೊಳಿಸುವ ಕೆಲಸ ನಡೆದಾಗ ಈ ದಾರಿಯ ವಾಹನಗಳ ಅಡಿಭಾಗಕ್ಕೆ ಮೆತ್ತಿದ ಕೆಸರನ್ನು ಇಲ್ಲಿನವರೆಲ್ಲ ಕಂಡಿದ್ದಾರೆ.

ಎಷ್ಟು ನೀರು ಅಪಾಯ ಎನ್ನುವುದಕ್ಕೂ ಈ ಸೀಲೇ ಅಳತೆ. 185/65 ಆರ್15 ಅಳತೆಯ ಟಯರಿನ ವ್ಯಾಸ ಸುಮಾರು 62 ಸೆಂ.ಮೀ. ಚಕ್ರದ ನಡುಬಿಂದು ನೆಲದಿಂದ ಸುಮಾರು 31 ಸೆಂ.ಮೀ. ಮೇಲಿರುತ್ತದೆ, ಡ್ರೈವ್ ಶಾಫ್ಟೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿರುತ್ತದೆ. ನೀರು ಅರ್ಧ ಚಕ್ರ ಮುಟ್ಟಿತೆಂದರೆ ಗೇರ್‌ಬಾಕ್ಸಿನ ತಳ ಆಗಲೇ ಮುಳುಗಿದೆ, ಸೀಲುಗಳು ನೀರಿನೊಳಗಿವೆ ಎಂದರ್ಥ. ಇನ್ನೊಂದು ಅಡಿ ಏರಿದರೆ ಅನೇಕ ಕಾರುಗಳಲ್ಲಿ ಬ್ರೀದರಿನ ಸರದಿ. ಎದುರಿನಿಂದ ಬಸ್ಸೋ ಲಾರಿಯೋ ಬಂದರೆ ಅದು ಎಬ್ಬಿಸುವ ಅಲೆಯೇ ಆ ಎತ್ತರ ಮುಟ್ಟುತ್ತದೆ. ಮಹೀಂದ್ರಾ ಥಾರ್‌ನಂಥ ವಾಹನಕ್ಕೆ ಕಂಪನಿ 650 ಮಿ.ಮೀ. ನೀರಿನವರೆಗೆ ಭರವಸೆ ಕೊಡುತ್ತದೆ. ಮನೆಬಳಕೆಯ ಹ್ಯಾಚ್‌ಬ್ಯಾಕ್, ಸೆಡಾನ್‌ಗಳಿಗೆ ಅಂಥ ಧೈರ್ಯ ಸಲ್ಲದು.

ಮೂರನೆಯ ದಾರಿಗೆ ಮಳೆಯೇ ಬೇಡ. ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆ ತಣಿಯುವುದು ಎಂಜಿನ್ನಿನ ಕೂಲಂಟ್‌ನಿಂದ. ರೇಡಿಯೇಟರಿನೊಳಗೇ ಇರುವ ಪುಟ್ಟ ಕೂಲರಿನಲ್ಲೋ ಗೇರ್‌ಬಾಕ್ಸಿಗೆ ಜೋಡಿಸಿದ ಕೂಲರಿನಲ್ಲೋ ಎಣ್ಣೆ ಮತ್ತು ಕೂಲಂಟ್ ತೆಳ್ಳನೆಯ ಲೋಹದ ಗೋಡೆಯ ಎರಡು ಬದಿಗಳಲ್ಲಿ ಹರಿಯುತ್ತವೆ. ಆ ಗೋಡೆ ತುಕ್ಕು ಹಿಡಿದು ತೂತಾದರೆ ಎರಡೂ ಬೆರೆಯುತ್ತವೆ. ಕೆಂಪು ಎಣ್ಣೆ ಆಗ ಪುನರ್ಪುಳಿ ಸಾರಿಗೆ ತೆಂಗಿನ ಹಾಲು ಬೆರೆಸಿದ ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದಲ್ಲಿ 2005ರಿಂದ ಮುಂದಿನ ಕೆಲವು ವರ್ಷಗಳ ನಿಸಾನ್ ಪಾತ್‌ಫೈಂಡರ್, ಎಕ್ಸ್‌ಟೆರಾ ವಾಹನಗಳಲ್ಲಿ ಇದೇ ತೊಂದರೆ ಕಾಣಿಸಿ, ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಕೂಲಂಟ್‌ನಲ್ಲಿರುವ ಗ್ಲೈಕಾಲ್ ಕ್ಲಚ್ ಪದರದ ಅಂಟಿಗೆ ಬರಿಯ ನೀರಿಗಿಂತಲೂ ಕೆಟ್ಟದ್ದು.

ನಮ್ಮ ಕಡೆ ಈ ಅಪಾಯವನ್ನು ಹೆಚ್ಚಿಸುವ ರೂಢಿ ಒಂದಿದೆ. ಘಾಟಿಯಲ್ಲಿ ಗಾಡಿ ಕಾದಾಗ ತೊರೆಯ ನೀರನ್ನೋ ಬಾವಿ ನೀರನ್ನೋ ರೇಡಿಯೇಟರಿಗೆ ಸುರಿಯುತ್ತೇವೆ, ಆಮೇಲೆ ಹಾಗೆಯೇ ಬಿಟ್ಟುಬಿಡುತ್ತೇವೆ. ಮುರಕಲ್ಲಿನ ನೆಲದ ಬಾವಿ ನೀರು ಹಲವೆಡೆ ತುಸು ಆಮ್ಲೀಯ, ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ತುರ್ತಿಗೆ ಸುರಿದದ್ದು ತಪ್ಪಲ್ಲ. ಆದರೆ ಊರು ಸೇರಿದ ಮೇಲೆ ಅದನ್ನು ಬಸಿದು, ಕಂಪನಿ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಸರಿಯಾದ ಪ್ರಮಾಣದಲ್ಲಿ ತುಂಬಿಸಬೇಕು. ರೇಡಿಯೇಟರಿಗೆ ತೋರುವ ಈ ಕಾಳಜಿ ಗೇರ್‌ಬಾಕ್ಸನ್ನೂ ಉಳಿಸುತ್ತದೆ.

ನಾಲ್ಕನೆಯದು ವಾಟರ್ ಸರ್ವಿಸ್. ಬಾನೆಟ್ ಎತ್ತಿ ಜೋರು ಒತ್ತಡದ ನೀರನ್ನು ಬ್ರೀದರ್, ವೈರಿಂಗ್ ಕನೆಕ್ಟರ್, ಡಿಪ್‌ಸ್ಟಿಕ್ ಮುಚ್ಚಳಗಳ ಮೇಲೆ ಹಾಯಿಸಿದರೆ ನೀರು ಒಳಗೆ ನುಗ್ಗಬಹುದು. ಅಡಿಭಾಗದ ಕೆಸರು ತೊಳೆಯುವುದು ಒಳ್ಳೆಯದೇ. ಎಂಜಿನ್ ಭಾಗಕ್ಕೆ ಮಾತ್ರ ಒದ್ದೆ ಬಟ್ಟೆ ಸಾಕು.

ಎಲ್ಲ ಆಟೊಮ್ಯಾಟಿಕ್ ಒಂದೇ ಅಲ್ಲ

2014ರಲ್ಲಿ ಮಾರುತಿ ಸೆಲೆರಿಯೊ ತಂದ ಎಎಂಟಿ, ಕಡಿಮೆ ಬೆಲೆಯಲ್ಲಿ ಕ್ಲಚ್ ತುಳಿಯುವ ಕಷ್ಟ ತಪ್ಪಿಸಿತು. ಇದು ಮೂಲತಃ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ. ಇದರ ಕ್ಲಚ್ ಒಣಗಿರಬೇಕಾದದ್ದು. ನೀರಿನಲ್ಲಿ ನೆನೆದು ಕೆಲವು ದಿನ ನಿಂತರೆ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿಕೊಳ್ಳಬಹುದು. ಇಲ್ಲಿ ಎಣ್ಣೆಯಷ್ಟೇ ಎಚ್ಚರದಿಂದ ನೋಡಬೇಕಾದದ್ದು ಆ ಯಂತ್ರದ ವಿದ್ಯುತ್ ಭಾಗಗಳನ್ನು.

ಸಿವಿಟಿಯಲ್ಲಿ ಹಲ್ಲುಚಕ್ರಗಳ ಬದಲು ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಬೆಲ್ಟ್ ಜಾರದಂತೆ ಹಿಡಿದಿಡುವುದು ಎಣ್ಣೆಯ ಅತಿ ತೆಳು ಪದರ. ಅದರಲ್ಲಿ ನೀರು ಬೆರೆತು ಬೆಲ್ಟ್ ಜಾರಿದರೆ ರಾಟೆಯ ಮೇಲೆ ಗೀರು ಬೀಳುತ್ತದೆ, ಹಾಗೆ ಬಿದ್ದ ಗೀರಿಗೆ ಎಣ್ಣೆ ಬದಲಿಸುವುದು ಪರಿಹಾರವಲ್ಲ. ಎರಡು ಕ್ಲಚ್ಚಿನ ಡಿಸಿಟಿಗಳಲ್ಲಿ ಒಣ ಕ್ಲಚ್ಚಿನವೂ ಇವೆ, ಎಣ್ಣೆಯಲ್ಲಿ ಮುಳುಗಿರುವವೂ ಇವೆ. ವಿದ್ಯುತ್ ಕಾರಿಗೂ ಒಂದೇ ಗೇರಿನ ಪೆಟ್ಟಿಗೆ, ಅದಕ್ಕೊಂದಿಷ್ಟು ಎಣ್ಣೆ ಇರುತ್ತದೆ. ಬ್ಯಾಟರಿಗೆ ಐಪಿ67 ರಕ್ಷಣೆ ಇದೆ ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವಂತೆ ಅದನ್ನು ಪರೀಕ್ಷಿಸಿದ್ದಾರೆ ಎಂದರ್ಥ. ಗೇರಿನ ಎಣ್ಣೆಗೂ ಸೀಲುಗಳಿಗೂ ಆ ಮಾತು ಅನ್ವಯಿಸುವುದಿಲ್ಲ. ನಿಮ್ಮ ಕಾರಿನಲ್ಲಿರುವುದು ಯಾವ ಬಗೆ, ಅದಕ್ಕೆ ಯಾವ ಎಣ್ಣೆ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಸಿವಿಟಿಗೆ ಬೇರೆ ಎಣ್ಣೆ ಸುರಿದರೆ ನೀರು ಹೋದಷ್ಟೇ ನಷ್ಟ.

ನೀರಿನ ಅಂಚಿನಲ್ಲಿ

ರಸ್ತೆ ಮೇಲೆ ಹರಿಯುವ ನೀರು ಕಂಡಾಗ ಮೊದಲು ಯೋಚಿಸಬೇಕಾದದ್ದು ಗೇರ್‌ಬಾಕ್ಸಿನ ಬಗ್ಗೆ ಅಲ್ಲ, ಒಳಗೆ ಕೂತವರ ಬಗ್ಗೆ. ಹರಿಯುವ ನೀರು 30 ಸೆಂ.ಮೀ. ಇದ್ದರೂ ಚಿಕ್ಕ ಕಾರುಗಳನ್ನು ತೇಲಿಸಿಕೊಂಡು ಹೋಗಬಲ್ಲದು, 60 ಸೆಂ.ಮೀ. ಆದರೆ ಬಹುಪಾಲು ವಾಹನಗಳನ್ನು ಕೊಚ್ಚಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನ ನೀರಿನಲ್ಲಿ ಕಾರು ಸಿಕ್ಕಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ರಾಜಧಾನಿಯ ನಡುಮಧ್ಯದ ರಸ್ತೆಯ ಕಥೆಯೇ ಹೀಗಿರುವಾಗ, ಕೆಂಪಗೆ ಹರಿಯುವ ತೋಡಿನ ಆಳವನ್ನು ಕಣ್ಣಳತೆಯಲ್ಲಿ ನಿರ್ಧರಿಸುವುದು ಬೇಡ. ಸುತ್ತುದಾರಿ ಹಿಡಿಯಿರಿ, ಇಲ್ಲವೇ ನೀರು ಇಳಿಯುವವರೆಗೆ ಕಾಯಿರಿ.

ನಿಂತ ನೀರು, ಆಳ ಗೊತ್ತು, ಅರ್ಧ ಚಕ್ರಕ್ಕಿಂತ ಎಷ್ಟೋ ಕೆಳಗಿದೆ, ದಾಟಲೇಬೇಕು ಎಂದಾದರೆ ಕೆಲವು ಎಚ್ಚರಗಳಿವೆ. ಘಟ್ಟ ಇಳಿದು ಬಂದ ಗಾಡಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತಣಿಯಲು ಬಿಡಿ. ಕೆಳಗಿನ ಗೇರಿಗೆ ಹಾಕಿಕೊಂಡು, ಒಂದೇ ಹದದಲ್ಲಿ, ಮೆಲ್ಲಗೆ ಹೋಗಿ. ಎದುರಿನ ಬಸ್ಸು ದಾಟಿದ ಮೇಲೆ ನೀರಿಗೆ ಇಳಿಯಿರಿ. ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಎಂಜಿನ್ ಮುರಿಯುತ್ತದೆ, ಗೇರ್‌ಬಾಕ್ಸಿಗೆ ಹೋಗಿದ್ದರೆ ಅಲ್ಲಿನ ಪಂಪು ತಿರುಗಿ ನೀರನ್ನು ಮೂಲೆಮೂಲೆಗೂ ಹರಡುತ್ತದೆ.

ಆಮೇಲೆ ಊರವರು ಸೇರಿ ಹಗ್ಗ ಕಟ್ಟಿ ಜೀಪಿನಿಂದ ಎಳೆಯುತ್ತಾರೆ. ಆ ಸಹಾಯದ ಮನಸ್ಸು ದೊಡ್ಡದು. ಆದರೆ ಆಟೊಮ್ಯಾಟಿಕ್ ಕಾರಿಗೆ ಇದು ಸಲ್ಲುವುದಿಲ್ಲ. ಹೆಚ್ಚಿನವುಗಳಲ್ಲಿ ಎಣ್ಣೆಯ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತ ಕಾರಿನ ಮುಂದಿನ ಚಕ್ರ ನೆಲದ ಮೇಲೆ ಉರುಳಿದರೆ, ನ್ಯೂಟ್ರಲ್‌ನಲ್ಲಿದ್ದರೂ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ನೀರಿನಿಂದ ಹೊರತರಲು ಕೆಲವು ಅಡಿ ಕೈಯಿಂದ ತಳ್ಳಬಹುದು. ಅಲ್ಲಿಂದ ಮುಂದೆ ಕಾರನ್ನು ಪೂರ್ತಿ ಹೊತ್ತೊಯ್ಯುವ ಫ್ಲಾಟ್‌ಬೆಡ್ ವಾಹನವೇ ಬರಬೇಕು.

ಮೊದಲ ದಿನದ ಕೆಲಸ

ಗೇರ್‌ಬಾಕ್ಸ್ ಮುಳುಗಿತ್ತೆಂಬ ಅನುಮಾನ ಬಂದರೆ ಸಾಕು, ಕಾರು ಓಡುತ್ತಿದ್ದರೂ ಎಣ್ಣೆ ನೋಡಿಸಿ. ಈಗಿನ ಅನೇಕ ಕಾರುಗಳಿಗೆ ಡಿಪ್‌ಸ್ಟಿಕ್ ಇಲ್ಲ, ಕೆಳಗಿನ ಪ್ಲಗ್ ತೆಗೆದೇ ನೋಡಬೇಕು. ಎಣ್ಣೆ ತಿಳಿಯಾಗಿ ಕೆಂಪಗಿದ್ದರೆ ಸಮಾಧಾನ. ಮಬ್ಬಾಗಿ, ಹಾಲು ಬೆರೆತಂತೆ, ನೊರೆಯಾಗಿ ಇದ್ದರೆ ನೀರು ಸೇರಿದೆ. ಕಣ್ಣಿಗೆ ಕಾಣದಷ್ಟಿದ್ದರೆ ಅನುಭವಿ ಮೆಕ್ಯಾನಿಕ್ ಕಾದ ಲೋಹದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡುತ್ತಾರೆ. ನೀರಿದ್ದರೆ ಚಟಪಟ ಸಿಡಿಯುತ್ತದೆ. ಇದನ್ನು ಮನೆಯಲ್ಲಿ ಮಾಡುವುದು ಬೇಡ.

ಎಣ್ಣೆಯನ್ನು ಒಮ್ಮೆ ಬಸಿದರೆ ಕೆಲಸ ಮುಗಿಯಲಿಲ್ಲ. ಆರೇಳು ಲೀಟರ್ ಹಿಡಿಯುವ ಗೇರ್‌ಬಾಕ್ಸಿನಲ್ಲಿ ಪ್ಲಗ್ ಬಿಚ್ಚಿದಾಗ ಹೊರಬರುವುದು ಹೆಚ್ಚುಕಡಿಮೆ ಅರ್ಧ. ಉಳಿದದ್ದು ಟಾರ್ಕ್ ಕನ್ವರ್ಟರ್, ಕೂಲರ್, ಕೊಳವೆಗಳಲ್ಲಿ ಉಳಿದಿರುತ್ತದೆ. ಹೊಸ ಎಣ್ಣೆ ತುಂಬಿ, ಭಾರವಿಲ್ಲದೆ ತುಸು ತಿರುಗಿಸಿ, ಮತ್ತೆ ಬಸಿದು, ಎಣ್ಣೆ ತಿಳಿಯಾಗುವವರೆಗೆ ಇದನ್ನು ಮಾಡಬೇಕು. ಫಿಲ್ಟರ್ ಬದಲಿಸಬೇಕು, ಕೂಲರ್ ತೊಳೆಯಬೇಕು, ಕನೆಕ್ಟರುಗಳನ್ನು ಬಿಚ್ಚಿ ಒಣಗಿಸಬೇಕು. ನೀರು ದಿನಗಟ್ಟಲೆ ನಿಂತಿದ್ದರೆ ಅಥವಾ ಕೂಲಂಟ್ ಬೆರೆತಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ಕ್ಲಚ್ ಪ್ಲೇಟುಗಳನ್ನೇ ನೋಡುವುದು ಸರಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನಿಂತಲ್ಲೇ ಮುಳುಗಿದ ಕಾರುಗಳ ಪಾಡು ಇದೇ. ಓಡಿಸುವಾಗ ತಪ್ಪು ಮಾಡಿದವರಾರೂ ಇರಲಿಲ್ಲ. ಅಂಥ ಕಾರಿನ ಹಣೆಬರಹ ನೀರು ಇಳಿದ ಮೇಲೆ ಕೀಲಿ ತಿರುಗಿಸಿದರೋ, ಬ್ಯಾಟರಿ ಬಿಚ್ಚಿಸಿ ಹೊತ್ತು ಸಾಗಿಸಿದರೋ ಎಂಬುದರ ಮೇಲೆ ನಿಂತಿರುತ್ತದೆ.

ವಿಮೆಯನ್ನೂ ಈಗಲೇ ತೆಗೆದು ಓದಿ. ಸ್ವಂತ ಹಾನಿಯ ಪಾಲಿಸಿ ನೆರೆಯ ನಷ್ಟವನ್ನು ಭರಿಸುತ್ತದೆ. ಆದರೆ ನೀರು ನುಗ್ಗಿದ ಮೇಲೆ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು ಕಂಪನಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಇದಕ್ಕೆಂದೇ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದೆ. ಅದರಲ್ಲಿ ಗೇರ್‌ಬಾಕ್ಸ್ ಸೇರಿದೆಯೇ ಎಂದು ಕೇಳಿ ಬರಹದಲ್ಲೇ ಖಚಿತಪಡಿಸಿಕೊಳ್ಳಿ. ನೆರೆಯಲ್ಲಿ ಸಿಕ್ಕ ಕಾರನ್ನು ಸಾಗಿಸುವ ಮುನ್ನ ನೀರಿನ ಮಟ್ಟ ಕಾಣುವಂತೆ ಫೋಟೊ ತೆಗೆದಿಡಿ.

ಮಳೆಗಾಲಕ್ಕೊಂದು ಪದ್ಧತಿ

ತುಳುನಾಡಿನಲ್ಲಿ ಮಳೆಗಾಲಕ್ಕೆ ಅದರದೇ ಗಡುವುಗಳಿವೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಕಟ್ಟಿಗೆ ಒಟ್ಟಿ, ಮಾಡು ಸರಿಮಾಡಿ, ಅಂಗಳದ ನೀರು ಹರಿಯಲು ಕಣಿ ಬಿಡಿಸುತ್ತೇವೆ. ಕಾರಿನ ಅಡಿಭಾಗವನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳೋಣ. ಡ್ರೈವ್ ಶಾಫ್ಟ್ ಸೀಲಿನ ಬಳಿ ಎಣ್ಣೆಯ ಜಿಡ್ಡು ಇದೆಯೇ, ಬ್ರೀದರಿನ ಕೊಳವೆಯನ್ನು ಇಲಿ ಕಡಿದಿದೆಯೇ, ಕೂಲಂಟ್ ಬಾಟಲಿಯಲ್ಲಿ ಎಣ್ಣೆಯ ಪದರ ತೇಲುತ್ತಿದೆಯೇ ಎಂದು ನೋಡಲು ಗ್ಯಾರೇಜಿನಲ್ಲಿ ಅರ್ಧ ಗಂಟೆ ಸಾಕು.

ಮಳೆ ಇಳಿದ ಮೇಲೆ ಆಯುಧ ಪೂಜೆ ಬರುತ್ತದೆ. ವಾಹನ ತೊಳೆದು ಹೂವಿಡುವ ಮುನ್ನ ಗೇರ್‌ಬಾಕ್ಸಿನ ಎಣ್ಣೆಯನ್ನೂ ಒಮ್ಮೆ ಪರೀಕ್ಷಿಸಿ. 40ರಿಂದ 60 ಕಿ.ಮೀ. ವೇಗದಲ್ಲಿ ಹಗುರವಾಗಿ ಓಡಿಸುವಾಗ ಕಾರು ನಡುಗಿದರೆ, ಗೇರು ತಡವಾಗಿ ಬಿದ್ದರೆ, ಎಂಜಿನ್ನಿನ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಪೂಜೆಯವರೆಗೂ ಕಾಯಬೇಡಿ. "ಈ ಎಣ್ಣೆ ಗೇರ್‌ಬಾಕ್ಸಿನ ಆಯುಸ್ಸಿಗೆ ಸಾಕು" ಎಂದು ಕೆಲವು ಕಂಪನಿಗಳು ಹೇಳುವುದುಂಟು. ಆ ಲೆಕ್ಕದಲ್ಲಿ ನೀರು ದಾಟುವ ರಸ್ತೆಗಳಿಲ್ಲ. ಕೈಪಿಡಿಗಳಲ್ಲೇ ಕಷ್ಟದ ಬಳಕೆಗೆ ಬೇರೆ ಅವಧಿ ಕೊಟ್ಟಿರುವುದುಂಟು. ಘಟ್ಟ, ಕೆಸರು, ನೀರು ಮೂರೂ ಇರುವ ಲಾಯಿಲದಂಥ ಊರುಗಳ ಓಡಾಟವನ್ನು ಅದಕ್ಕೇ ಸೇರಿಸುವುದು ನ್ಯಾಯ.

ಇಷ್ಟೆಲ್ಲ ಮಾಡಿದರೂ ಇಲ್ಲಿನ ರಸ್ತೆಗಳಲ್ಲಿ ನೀರು ತುಂಬುವುದು ನಿಲ್ಲದಿದ್ದರೆ ಹೊರೆ ಮಾಲೀಕನ ಮೇಲೆಯೇ ಉಳಿಯುತ್ತದೆ. ಮುಳುಗು ಸೇತುವೆಗಳ ಬದಲು ಎತ್ತರದ ಸೇತುವೆ, ಹೆದ್ದಾರಿಗೆ ತಕ್ಕ ಚರಂಡಿ, ನೀರು ಏರುವ ಕಡೆಗಳಲ್ಲಿ ಆಳ ತೋರುವ ಕಂಬ ಬೇಕೆಂದು ಗ್ರಾಮಸಭೆಯಲ್ಲಿ ಕೇಳುವುದು ಊರಿನವರ ಹಕ್ಕು. ಆಳ ತೋರುವ ಒಂದು ಕಂಬಕ್ಕೆ ತಗಲುವ ಖರ್ಚು ಒಂದು ಗೇರ್‌ಬಾಕ್ಸ್ ರಿಪೇರಿಗಿಂತ ಎಷ್ಟೋ ಕಡಿಮೆ. ಆ ಕಂಬ ನೋಡಿ ಹಿಂದಿರುಗಿದ ಒಂದೊಂದು ಕಾರಿನಲ್ಲೂ ಒಂದು ಕುಟುಂಬ ಇರುತ್ತದೆ. ಮುಂದಿನ ಗ್ರಾಮಸಭೆಯ ದಿನ ಈ ಬೇಡಿಕೆ ಬರೆದುಕೊಂಡು ಹೋಗೋಣ.